ಸಾರಥಿಯ ಮುಖ ನೋಡುವ ಕಣ್ಣು

ಬಂಡಿ ಹೊಡೆಯುವವನು ದಾರಿಯನ್ನು ನೋಡಬೇಕೆಂಬುದು ಬಂಡಿಯಷ್ಟೇ ಹಳೆಯದಾದ ನಿಯಮ. ಎತ್ತಿನ ಗಾಡಿಯವನು ಒಂದು ಗಳಿಗೆ ತೂಕಡಿಸಿದರೂ ನಡೆಯುತ್ತಿತ್ತು. ಎತ್ತುಗಳಿಗೆ ಮನೆಯ ದಾರಿ ಗೊತ್ತಿರುತ್ತಿತ್ತು. ಮೋಟಾರು ಬಂದ ಮೇಲೆ ಆ ಸೌಕರ್ಯ ತಪ್ಪಿಹೋಯಿತು. ಕಾರಿಗೆ ದಾರಿಯೂ ಗೊತ್ತಿಲ್ಲ, ತನ್ನನ್ನು ನಡೆಸುವವನ ಮುಖವೂ ಗೊತ್ತಿಲ್ಲ ಎಂದೇ ನಾವು ಒಂದು ಶತಮಾನ ಕಾಲ ತಿಳಿದುಕೊಂಡಿದ್ದೆವು. ಈಚಿನ ಕಾರುಗಳ ಮಟ್ಟಿಗೆ ಈ ಮಾತು ನಿಜವಾಗಿ ಉಳಿದಿಲ್ಲ. ಸ್ಟಿಯರಿಂಗ್ ಚಕ್ರದ ಹಿಂಬದಿಯಲ್ಲೋ, ಹಿನ್ನೋಟದ ಕನ್ನಡಿಯ ಮಗ್ಗುಲಲ್ಲೋ ಅಡಿಕೆಯ ಗಾತ್ರದ ಒಂದು ಕಪ್ಪು ಗಾಜು ಕುಳಿತಿರುತ್ತದೆ. ಅದು ಹೊರಗಿನ ರಸ್ತೆಯ ಕಡೆಗೆ ತಿರುಗಿಲ್ಲ, ಒಳಗೆ ಕುಳಿತವನ ಮುಖದ ಕಡೆಗೆ ತಿರುಗಿದೆ. ನಡೆಸುವವನು ದಾರಿಯನ್ನು ನೋಡುತ್ತಿದ್ದಾನೆಯೇ ಎಂದು ವಾಹನವೇ ನೋಡುತ್ತಿರುತ್ತದೆ.

ಈ ಕಣ್ಣು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂದೆ ಏಳುವ ತಕರಾರುಗಳ ಬೇರು ಅಲ್ಲಿದೆ. ರಾತ್ರಿಯ ಹೊತ್ತು ಕಾರಿನೊಳಗೆ ಕತ್ತಲು. ದೀಪ ಹಾಕಿದರೆ ಹೊರಗಿನ ದಾರಿ ಕಾಣದು. ಆದ್ದರಿಂದ ಮಸೂರದ ಪಕ್ಕದಲ್ಲೇ, ಕೆಂಪು ಬಣ್ಣಕ್ಕೂ ಆಚೆಗಿರುವ, ಮನುಷ್ಯನ ಕಣ್ಣಿಗೆ ಗೋಚರಿಸದ ಅವಗೆಂಪು ಬೆಳಕನ್ನು ಸೂಸುವ ಪುಟ್ಟ ದೀಪಗಳನ್ನು ಇಟ್ಟಿರುತ್ತಾರೆ. ಆ ಕಾಣದ ಬೆಳಕಿನಲ್ಲಿ ಯಂತ್ರವು ಮುಖವನ್ನು ಗುರುತಿಸಿ, ರೆಪ್ಪೆಗಳ ಅಂಚು, ಕಣ್ಣಿನ ಪಾಪೆ, ಮೂಗಿನ ತುದಿ, ಬಾಯಿಯ ಕೊನೆಗಳು ಎಲ್ಲಿವೆಯೆಂದು ಸೆಕೆಂಡಿಗೆ ಹಲವಾರು ಬಾರಿ ಲೆಕ್ಕ ಹಾಕುತ್ತದೆ. ತಲೆ ಎಷ್ಟು ಬಾಗಿದೆ, ನೋಟ ಎತ್ತ ಹೋಗಿದೆ, ರೆಪ್ಪೆ ಎಷ್ಟು ಹೊತ್ತು ಮುಚ್ಚಿದೆ ಎಂಬುದೆಲ್ಲ ಹೀಗೆ ಅಂಕೆಗಳಾಗುತ್ತದೆ.

ನಿದ್ದೆಯು ಹೇಳಿ ಕೇಳಿ ಬರುವ ಅತಿಥಿಯಲ್ಲ. ಆದರೆ ಬರುವ ಮುನ್ನ ರೆಪ್ಪೆಯ ಮೇಲೆ ಹೆಜ್ಜೆಯ ಗುರುತು ಬಿಡುತ್ತದೆ. ಎಚ್ಚರವಾಗಿರುವವನ ರೆಪ್ಪೆ ಒಂದು ಸೆಕೆಂಡಿನ ಕೆಲವೇ ದಶಾಂಶಗಳಲ್ಲಿ ಮುಚ್ಚಿ ತೆರೆಯುತ್ತದೆ. ಮಂಪರಿನವನ ರೆಪ್ಪೆ ನಿಧಾನವಾಗಿ ಇಳಿದು, ಇನ್ನೂ ನಿಧಾನವಾಗಿ ಏಳುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಭಾಗದ ಕಾಲ ರೆಪ್ಪೆಯು ಪಾಪೆಯನ್ನು ಶೇಕಡ 80ರಷ್ಟಾದರೂ ಮುಚ್ಚಿತ್ತು ಎಂಬ ಲೆಕ್ಕವೇ ತೂಕಡಿಕೆಯ ಒಳ್ಳೆಯ ಅಳತೆಗೋಲೆಂದು 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಹೆಸರು ಹೊತ್ತ, ಒಂಬತ್ತು ಮೆಟ್ಟಿಲುಗಳ ಇನ್ನೊಂದು ಅಳತೆಯೂ ಉಂಟು. ಅದರ ಒಂದನೆಯ ಮೆಟ್ಟಿಲು ಪೂರ್ಣ ಎಚ್ಚರ. ಎಂಟನೆಯದು, ನಿದ್ದೆ ಬರುತ್ತಿದೆ, ಎಚ್ಚರವಾಗಿರಲು ಪ್ರಯಾಸಪಡಬೇಕಾಗಿದೆ ಎಂಬ ಅವಸ್ಥೆ. ಯೂರೋಪಿನ ಕಾನೂನು, ಈ ಎಂಟನೆಯ ಮೆಟ್ಟಿಲಿಗೆ ಬಂದವನನ್ನು ವಾಹನ ಎಚ್ಚರಿಸಲೇಬೇಕೆಂದು ವಿಧಿಸಿದೆ. ಎಚ್ಚರಿಸುವುದೆಂದರೆ ಗಂಟೆಯ ಸದ್ದು, ಕೆಲವು ಕಾರುಗಳಲ್ಲಿ ಅದರ ಜೊತೆಗೆ ಹಬೆಯಾಡುವ ಕಾಫಿ ಬಟ್ಟಲಿನ ಚಿತ್ರ. ಕಾಫಿಯ ನಾಡಿನವನಾದ ನನಗೆ ಈ ಸಂಕೇತ ಪ್ರಿಯವಾಯಿತೆಂದು ಹೇಳದಿರಲಾರೆ.

ನಿದ್ದೆಯಂತೆಯೇ ಅನ್ಯಮನಸ್ಕತೆಯೂ ಒಂದು ಅಪಾಯ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವಾಗ ಚಾಲಕನ ನೋಟ ಮೂರೂವರೆ ಸೆಕೆಂಡು ಕೆಳಗೆ, ಎಂದರೆ ಮಡಿಲಲ್ಲಿರುವ ಫೋನಿನ ಮೇಲೋ ಮತ್ತೊಂದರ ಮೇಲೋ, ನೆಟ್ಟಿದ್ದರೆ ಯಂತ್ರ ಕೂಗಬೇಕೆಂದು ಅದೇ ಯೂರೋಪಿನ ನಿಯಮ ಹೇಳುತ್ತದೆ. ಮೂರೂವರೆ ಸೆಕೆಂಡು ಏನು ಮಹಾ ಎನ್ನಬಾರದು. ಅಷ್ಟು ಹೊತ್ತಿನಲ್ಲಿ ಕಾರು ಹೆಚ್ಚುಕಡಿಮೆ 49 ಮೀಟರು ಸಾಗಿರುತ್ತದೆ. ಒಂದು ಸಣ್ಣ ಊರಿನ ಶಾಲೆಯ ಮುಂಭಾಗ ಅಷ್ಟರಲ್ಲಿ ಮುಗಿದುಹೋಗುತ್ತದೆ.

ಇಂಥ ಕಣ್ಣನ್ನು ಮಾರಾಟದ ಕಾರಿನಲ್ಲಿ ಮೊದಲು ಇಟ್ಟವರು ಜಪಾನಿನವರು. 2006ರಲ್ಲಿ ಟೊಯೋಟಾ ಸಂಸ್ಥೆ ತನ್ನ ಲೆಕ್ಸಸ್ ಕಾರುಗಳಲ್ಲಿ ಇದನ್ನು ತಂದಿತು. ಆಗ ಅದು ಸಿರಿವಂತರ ಸೊಗಸು. ಬಳಿಕ ಗಣಿಗಳಲ್ಲಿ ಹಗಲಿರುಳು ಓಡುವ ದೈತ್ಯ ಲಾರಿಗಳಿಗೆ ಬಂತು. ನಿಜವಾದ ಅಗತ್ಯ ಹುಟ್ಟಿದ್ದು, ಕಾರು ತಾನೇ ಸ್ವಲ್ಪಮಟ್ಟಿಗೆ ದಾರಿ ಹಿಡಿದು ಹೋಗಲು ಕಲಿತ ಮೇಲೆ. ಕೆಲಸವಿಲ್ಲದ ಕಾವಲುಗಾರನಿಗೆ ನಿದ್ದೆ ಬರುವುದು ಸಹಜ. ಚಕ್ರದ ಮೇಲೆ ಕೈಯ ಭಾರವಿದೆಯೇ ಎಂದು ನೋಡುವ ಉಪಾಯವನ್ನು ಮೊದಲು ಮಾಡಿದರು. ಜನ ಅಲ್ಲಿಗೆ ಒಂದು ತೂಕ ಕಟ್ಟಿ ಅದನ್ನು ವಂಚಿಸಿದರು. ಕೊನೆಗೆ ಮುಖವನ್ನೇ ನೋಡಬೇಕಾಯಿತು.

ಈ ಕಣ್ಣಿನ ಗುಣವನ್ನೂ ದೋಷವನ್ನೂ ಒಟ್ಟಿಗೆ ತೋರಿಸುವ ಒಂದು ಘಟನೆ 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ಪ್ರಾಂತದ ಟೆಂಪಿ ಎಂಬ ಊರಿನಲ್ಲಿ ನಡೆಯಿತು. ಊಬರ್ ಸಂಸ್ಥೆ ತಾನೇ ನಡೆಯುವ ಕಾರನ್ನು ರಸ್ತೆಯ ಮೇಲೆ ಪರೀಕ್ಷಿಸುತ್ತಿತ್ತು. ಒಳಗೆ ಒಬ್ಬರೇ ಮೇಲ್ವಿಚಾರಕಿ ಕುಳಿತಿದ್ದರು. ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಕಾರು ಡಿಕ್ಕಿ ಹೊಡೆಯಿತು; ಆಕೆ ತೀರಿಕೊಂಡರು. ಆ ಕಾರಿನಲ್ಲಿ ಒಳಮುಖದ ಕ್ಯಾಮೆರಾ ಇತ್ತು. ಮೇಲ್ವಿಚಾರಕಿಯ ದೃಷ್ಟಿ ಮತ್ತೆ ಮತ್ತೆ ಕೆಳಗಿಳಿಯುತ್ತಿದ್ದುದನ್ನೂ, ಡಿಕ್ಕಿಗೆ ಸುಮಾರು ಒಂದು ಸೆಕೆಂಡು ಮುಂಚೆ ಮಾತ್ರ ಮೇಲಕ್ಕೆ ಬಂದುದನ್ನೂ ಅದು ನಿಷ್ಠೆಯಿಂದ ಚಿತ್ರಿಸಿಕೊಂಡಿತು. ಪೊಲೀಸರು ಆ ಚಿತ್ರವನ್ನು ಬಿಡುಗಡೆ ಮಾಡಿದರು, ಜಗತ್ತೆಲ್ಲ ನೋಡಿತು. ಆದರೆ ನೋಡಬೇಕಾದ ಹೊತ್ತಿನಲ್ಲಿ ಯಾರೂ ನೋಡಲಿಲ್ಲ. ಆ ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತೇ ಹೊರತು ‘ತಲೆ ಎತ್ತಿ’ ಎಂದು ಕೂಗುತ್ತಿರಲಿಲ್ಲ. ತೆಗೆದ ಚಿತ್ರಗಳನ್ನು ಸಂಸ್ಥೆಯ ಮೇಲಧಿಕಾರಿಗಳು ಪರಿಶೀಲಿಸುತ್ತಿದ್ದುದೂ ಅಪರೂಪವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ವಿಚಾರಣೆ ಮುಗಿಸಿ ಹೇಳಿತು. ಅದಕ್ಕೆ ಕೆಲವು ತಿಂಗಳು ಹಿಂದಿನವರೆಗೂ ಇಂಥ ಕಾರುಗಳಲ್ಲಿ ಇಬ್ಬರು ಕೂರುತ್ತಿದ್ದರು. 2017ರ ಶರತ್ಕಾಲದಲ್ಲಿ ಒಬ್ಬರನ್ನು ಇಳಿಸಿದ್ದರು.

ಈ ಇಬ್ಬರ ವಿಷಯ ಓದಿದಾಗ ನನಗೆ ನಮ್ಮ ರಾತ್ರಿ ಲಾರಿಗಳ ಕ್ಲೀನರ್ ಹುಡುಗ ನೆನಪಾದ. ಹೆಸರಿಗೆ ಅವನು ಗಾಡಿ ತೊಳೆಯುವವನು. ಚಿತ್ರದುರ್ಗ ದಾಟಿ ಕತ್ತಲಾದ ಮೇಲೆ ಅವನ ನಿಜವಾದ ಉದ್ಯೋಗ ಡ್ರೈವರಣ್ಣನ ಜೊತೆ ಮಾತನಾಡುತ್ತಿರುವುದು. ಎಲೆಗೆ ಸುಣ್ಣ ಹಚ್ಚಿ ಕೊಡುವುದು, ಮಾತಿಗೆ ಮಾತು ಜೋಡಿಸುವುದು, ಉತ್ತರ ಬರುವುದು ತಡವಾದರೆ ‘ಅಣ್ಣಾ, ಮುಂದಿನ ಹೋಟ್ಲಲ್ಲಿ ಟೀ ಕುಡಿಯೋಣ’ ಎನ್ನುವುದು. ಅವನೂ ಡ್ರೈವರನ ಮುಖವನ್ನು ನೋಡುತ್ತಲೇ ಇರುತ್ತಿದ್ದ. ರೆಪ್ಪೆಯನ್ನು ಅವನಷ್ಟು ಚೆನ್ನಾಗಿ ಓದಿದವರು ಯಾರೂ ಇಲ್ಲ. ಆದರೆ ಡ್ರೈವರು ತೂಕಡಿಸಿದನೆಂದು ಅವನು ಮಾಲೀಕನಿಗೆ ಹೇಳುತ್ತಿರಲಿಲ್ಲ. ಹೇಳಿದ್ದರೆ ಮರುದಿನದಿಂದ ಅವನ ಮಗ್ಗುಲಲ್ಲಿ ಆಕಳಿಸಲು ಯಾವ ಡ್ರೈವರೂ ಧೈರ್ಯ ಮಾಡುತ್ತಿರಲಿಲ್ಲ.

ಎಬ್ಬಿಸುವ ಕಣ್ಣು ಒಂದು, ಬರೆದಿಡುವ ಕಣ್ಣು ಇನ್ನೊಂದು. ಎರಡಕ್ಕೂ ಮಸೂರ ಅದೇ, ಬೆಳಕು ಅದೇ. ಚಿತ್ರವು ಗಾಡಿಯೊಳಗೇ ಹುಟ್ಟಿ, ಲೆಕ್ಕ ಮುಗಿದೊಡನೆ ಅಲ್ಲೇ ಅಳಿಯುತ್ತದೆಯೋ, ಇಲ್ಲವೆ ತಂತಿಯಿಲ್ಲದ ಹಾದಿಯಲ್ಲಿ ಮತ್ತೆಲ್ಲಿಗೋ ಹೋಗಿ ಒಬ್ಬನ ಹೆಸರಿನಲ್ಲಿ ಜಮೆಯಾಗುತ್ತದೆಯೋ ಎಂಬುದೊಂದೇ ಭೇದ. ಜೀವ ಉಳಿಸುವುದಕ್ಕೆ ಮೊದಲನೆಯದು ಸಾಕು. ಖಾಸಗಿತನದ ಪ್ರಶ್ನೆಯೆಲ್ಲ ಎರಡನೆಯದರಿಂದ ಹುಟ್ಟಿದ್ದು. ಈ ಎರಡನ್ನೂ ‘ಸುರಕ್ಷತೆ’ ಎಂಬ ಒಂದೇ ಚೀಟಿ ಅಂಟಿಸಿ ಮಾರುವುದರಿಂದ ನಾವು ಗೊಂದಲಕ್ಕೆ ಬೀಳುತ್ತೇವೆ.

ಯೂರೋಪಿನವರು ಈ ಭೇದವನ್ನು ಕಾನೂನಿನಲ್ಲೇ ಬರೆದದ್ದು ಮೆಚ್ಚತಕ್ಕ ವಿಷಯ. 2019ರಲ್ಲಿ ಅಂಗೀಕಾರವಾದ ಅವರ ವಾಹನ ಸುರಕ್ಷತೆಯ ನಿಯಮದಂತೆ, 2024ರ ಜುಲೈಯಿಂದ ಅಲ್ಲಿ ಮಾರುವ ಪ್ರತಿಯೊಂದು ಹೊಸ ಕಾರಿನಲ್ಲಿಯೂ ತೂಕಡಿಕೆಯ ಎಚ್ಚರಿಕೆ ಇರಲೇಬೇಕು. ಅದೇ ನಿಯಮದ ಇನ್ನೊಂದು ವಾಕ್ಯ, ಈ ಸಾಧನಗಳು ಬೇಕಾದುದಕ್ಕಿಂತ ಹೆಚ್ಚಿನ ವಿವರವನ್ನು ಸತತವಾಗಿ ದಾಖಲಿಸಕೂಡದು, ಉಳಿಸಿಕೊಳ್ಳಕೂಡದು, ಮೂರನೆಯವರಿಗೆ ಯಾವ ಕಾಲಕ್ಕೂ ಕೊಡಕೂಡದು, ಕೆಲಸ ಮುಗಿದ ಕೂಡಲೇ ಅಳಿಸಿಬಿಡಬೇಕು ಎನ್ನುತ್ತದೆ. ಮುಖ ನೋಡಿ ‘ಇವನು ಇಂಥವನು’ ಎಂದು ಗುರುತು ಹಿಡಿಯದೆಯೇ ತೂಕಡಿಕೆಯ ಸಾಧನ ಕೆಲಸ ಮಾಡಬೇಕೆಂದೂ ವಿಧಿಸಿದ್ದಾರೆ. ಮುಚ್ಚುತ್ತಿರುವ ಕಣ್ಣು ಯಾರದಾದರೇನು, ಎಬ್ಬಿಸಿದರೆ ಸರಿ. ನಮ್ಮ ಕ್ಲೀನರ್ ಹುಡುಗನ ಶೀಲವನ್ನು ವಕೀಲರ ಭಾಷೆಗೆ ಇಳಿಸಿದಂತಿದೆ ಇದು.

ಎಲ್ಲ ಕಡೆಯೂ ಹೀಗಿಲ್ಲ. ಅಮೆರಿಕದಲ್ಲಿ ಮನೆಮನೆಗೆ ಸಾಮಾನು ತಲುಪಿಸುವ ವ್ಯಾನುಗಳಲ್ಲಿ ಅಮೆಜಾನ್ ಸಂಸ್ಥೆ 2021ರಲ್ಲಿ ನಾಲ್ಕು ಮಸೂರಗಳ ಕ್ಯಾಮೆರಾ ಅಳವಡಿಸಿತು. ಮೂರು ಹೊರಗೆ ನೋಡಿದರೆ, ಒಂದು ಚಾಲಕನನ್ನು ನೋಡುತ್ತದೆ. ಅದನ್ನು ರೂಪಿಸಿದ ನೆಟ್ರಡೈನ್ ಎಂಬ ಕಂಪನಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಒಂದು ನೆಲೆ, ನಮ್ಮ ಬೆಂಗಳೂರಿನಲ್ಲಿ ಇನ್ನೊಂದು. ಸಾಗರದಾಚೆಯ ಚಾಲಕನೊಬ್ಬನ ಆಕಳಿಕೆಯನ್ನು ಗುರುತಿಸುವ ವಿದ್ಯೆಯಲ್ಲಿ ಬೆಂಗಳೂರಿನ ತರುಣರ ಪಾಲೂ ಉಂಟೆಂದಾಯಿತು. ಅಪಘಾತಗಳು ಗಣನೀಯವಾಗಿ ಇಳಿದವೆಂದು ಅಮೆಜಾನ್ ಹೇಳಿಕೊಂಡಿದೆ. ಅದನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಆದರೆ ಈ ಕಣ್ಣು ಕಂಡದ್ದು ಚಾಲಕನ ಅಂಕಪಟ್ಟಿಗೆ ಹೋಗುತ್ತದೆ. ಅಂಕ ಇಳಿದರೆ ಗಳಿಕೆಗೆ ಏಟು. ಪಕ್ಕದ ಕನ್ನಡಿಯನ್ನು ನೋಡಿದ್ದನ್ನೇ ಯಂತ್ರ ‘ಗಮನ ತಪ್ಪಿದೆ’ ಎಂದು ಬರೆದುಕೊಂಡಿತೆಂದು ಚಾಲಕರು ಆ ವರ್ಷ ಪತ್ರಿಕೆಯವರ ಮುಂದೆ ಅಳಲು ತೋಡಿಕೊಂಡರು. ಕನ್ನಡಿ ನೋಡುವುದು ಒಳ್ಳೆಯ ಸಾರಥ್ಯದ ಮೊದಲ ಪಾಠ. ಎಬ್ಬಿಸುವ ಕಣ್ಣು ಹೀಗೆ ಎಡವಿದರೆ ಒಂದು ವ್ಯರ್ಥ ಗಂಟೆ ಬಾರಿಸೀತು, ಅಷ್ಟೆ. ಬರೆದಿಡುವ ಕಣ್ಣು ಎಡವಿದರೆ ಒಬ್ಬನ ಅನ್ನಕ್ಕೆ ಕಲ್ಲು ಬೀಳುತ್ತದೆ. 2022ರಲ್ಲಿ ಚೀನದಲ್ಲಿ ಒಬ್ಬಾತನ ಕಣ್ಣುಗಳು ಹುಟ್ಟಾ ಚಿಕ್ಕವೆಂಬ ಕಾರಣಕ್ಕೆ, ಅವನು ನಿದ್ದೆ ಮಾಡುತ್ತಿದ್ದಾನೆಂದು ಕಾರು ಮತ್ತೆ ಮತ್ತೆ ಅಂಕ ಕಳೆಯಿತಂತೆ. ಓದಿದವರು ನಕ್ಕರು. ಅವನಿಗೆ ಮಾತ್ರ ನಗು ಬಂದಿರಲಾರದು.

ಒಪ್ಪಿಗೆಯ ಮಾತೂ ಇಲ್ಲಿಯೇ ಬರುತ್ತದೆ. ಆ ವ್ಯಾನುಗಳ ಚಾಲಕರ ಕೈಗೆ ಒಂದು ಸಮ್ಮತಿ ಪತ್ರ ಕೊಟ್ಟು ಸಹಿ ಕೇಳಿದರು. ಸಹಿ ಹಾಕದವರಿಗೆ ಕೆಲಸವಿಲ್ಲ. ಬಾಡಿಗೆ ಕಟ್ಟಬೇಕಾದ ತಿಂಗಳ ಕೊನೆಯಲ್ಲಿ ಹಾಕಿದ ಸಹಿಯನ್ನು ಸಮ್ಮತಿಯೆಂದು ಕರೆಯಬಹುದೇ? ಧೃತರಾಷ್ಟ್ರನ ಸಾರಥಿಯಾಗಿದ್ದ ಸಂಜಯ ಯುದ್ಧವನ್ನೆಲ್ಲ ಕಂಡು ಅರಸನಿಗೆ ವರದಿ ಒಪ್ಪಿಸಿದವನು. ಇಂದಿನ ಸಾರಥಿಯ ಸ್ಥಿತಿ ತಿರುಗುಮುರುಗಾಗಿದೆ. ಅವನ ಮೇಲೆಯೇ ವರದಿ ಹೋಗುತ್ತದೆ, ಅದನ್ನು ಕೇಳಿಸಿಕೊಳ್ಳುವ ಅರಸ ಯಾರೆಂಬುದು ಅವನಿಗೆ ತಿಳಿಯದು.

ಸ್ವಂತ ಕಾರಿನಲ್ಲಿ ಕುಳಿತವರು ‘ಇದು ಕೂಲಿಯವರ ಕಷ್ಟ, ನಮಗೇನು’ ಎನ್ನುವಂತಿಲ್ಲ. ಟೆಸ್ಲಾ ಕಾರುಗಳ ಕ್ಯಾಮೆರಾಗಳು ಹಿಡಿದ ಗ್ರಾಹಕರ ಚಿತ್ರಗಳನ್ನು ಅಲ್ಲಿಯ ಕೆಲವು ನೌಕರರು 2019ರಿಂದ 2022ರವರೆಗೆ ತಮ್ಮತಮ್ಮೊಳಗೆ ಹಂಚಿಕೊಂಡು ವಿನೋದಪಟ್ಟರೆಂದು, ಆ ಕೆಲಸ ಬಿಟ್ಟುಬಂದವರ ಮಾತನ್ನು ಆಧರಿಸಿ ರಾಯ್ಟರ್ಸ್ ಸಂಸ್ಥೆ 2023ರ ಏಪ್ರಿಲಿನಲ್ಲಿ ವರದಿ ಮಾಡಿತು. ಅವು ಬಹುಮಟ್ಟಿಗೆ ಕಾರಿನ ಹೊರಮುಖದ ಕ್ಯಾಮೆರಾಗಳ ಚಿತ್ರಗಳು, ನಿಜ. ಆದರೂ ಕಾರಿನಿಂದ ಹೊರಟ ಚಿತ್ರ ಯಾರ ಕೈಗೆ ಹೋಗಿ ಬೀಳಬಹುದೆಂಬುದಕ್ಕೆ ಸಾಕ್ಷಿ ಸಾಕು. ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಗ್ರಾಹಕರು ಎಲ್ಲಿಗೆ ಹೋದರು, ಎಷ್ಟು ಜೋರಾಗಿ ಬ್ರೇಕು ಒತ್ತಿದರು ಎಂಬ ವಿವರಗಳನ್ನು ಮಾಹಿತಿಯ ವ್ಯಾಪಾರಿಗಳಿಗೆ ಮಾರಿತೆಂದೂ, ಅದು ವಿಮಾ ಕಂಪನಿಗಳನ್ನು ತಲುಪಿತೆಂದೂ 2024ರಲ್ಲಿ ಬಯಲಾಯಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ ಅದರ ಮೇಲೆ ಕ್ರಮಕ್ಕೆ ಮುಂದಾಗಿ, ಅಂಥ ಮಾಹಿತಿಯನ್ನು ಆ ಬಗೆಯ ವ್ಯಾಪಾರಿಗಳಿಗೆ ಐದು ವರ್ಷ ಕೊಡದಂತೆ ನಿರ್ಬಂಧ ಹೇರಿತು. ಇದರಲ್ಲಿ ಕ್ಯಾಮೆರಾದ ಪಾತ್ರವಿಲ್ಲ. ಬ್ರೇಕಿನ ಲೆಕ್ಕಕ್ಕೇ ಇಷ್ಟು ಬೆಲೆಯಿದ್ದರೆ, ರೆಪ್ಪೆಯ ಲೆಕ್ಕಕ್ಕೆ ಬೆಲೆ ಕಟ್ಟುವವರು ಬಾರದಿರುತ್ತಾರೆಯೇ?

‘ಮುಚ್ಚಿಡುವುದೇನೂ ಇಲ್ಲದವನಿಗೆ ಭಯವೇಕೆ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಮಾತುಗಳಿವೆ. ‘ಖಾಸಗಿ’ ಪಾರಸಿಯ ಕಡೆಯಿಂದ ದರ್ಬಾರಿನ ಮೂಲಕ ಬಂದದ್ದು. ಯಜಮಾನನಿಗೇ ಸೇರಿದ ಸ್ವತ್ತು ಎಂಬ ವಾಸನೆ ಅದಕ್ಕಿದೆ. ‘ಏಕಾಂತ’ಕ್ಕೆ ಸ್ವತ್ತಿನ ಗೊಡವೆಯಿಲ್ಲ. ಯಾರ ಕಣ್ಣೂ ಮೇಲಿಲ್ಲದಾಗ ಮುಖವು ತನ್ನ ಸಹಜ ಆಕಾರಕ್ಕೆ ಬರುವ ಸ್ಥಿತಿ ಅದು. ಪಟ್ಟಣದಲ್ಲಿ ಬದುಕುವ ಎಷ್ಟೋ ಜನರಿಗೆ ಕಚೇರಿಗೂ ಮನೆಗೂ ನಡುವೆ ಕಾರಿನಲ್ಲಿ ಕಳೆಯುವ ಮುಕ್ಕಾಲು ಗಂಟೆಯೇ ದಿನದ ಏಕಾಂತ. ಅಲ್ಲಿ ಅಪಸ್ವರದಲ್ಲಿ ಹಾಡಬಹುದು. ಮೇಲಧಿಕಾರಿಗೆ ಕೊಡಲಾರದೆ ಹೋದ ಉತ್ತರವನ್ನು ಗಟ್ಟಿಯಾಗಿ ಕೊಡಬಹುದು. ಆಸ್ಪತ್ರೆಯಿಂದ ಹೊರಟು ಮನೆ ಸೇರುವ ಮೊದಲು ಅತ್ತು ಮುಗಿಸಬಹುದು. ಇದರಲ್ಲಿ ಅಪರಾಧವೇನೂ ಇಲ್ಲ, ಮುಚ್ಚಿಡುವಂಥದೂ ಇಲ್ಲ. ಆದರೂ ನೋಡುವ ಕಣ್ಣೊಂದಿದೆ, ಅದು ಕಂಡದ್ದು ಎಲ್ಲಿಗೋ ಹೋಗುತ್ತದೆ ಎಂದು ತಿಳಿದ ಕ್ಷಣದಿಂದ ಮನುಷ್ಯ ಹಾಡುವುದಿಲ್ಲ, ಅಳುವುದೂ ಇಲ್ಲ.

ಈ ಹಕ್ಕನ್ನು ಭಾರತದಲ್ಲಿ ಗೆದ್ದುಕೊಟ್ಟ ಮೊಕದ್ದಮೆಗೆ ಕನ್ನಡ ನಾಡಿನವರೊಬ್ಬರ ಹೆಸರಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಒಂದು ಕಾಯಿದೆಯನ್ನೂ ಮಾಡಿತು.

ಇತ್ತ 2025ರ ಮಾರ್ಚಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಒಂದು ಕರಡು ನಿಯಮ ಹೊರಡಿಸಿ, ಹೊಸ ಬಸ್ಸು ಲಾರಿಗಳಲ್ಲಿ ಚಾಲಕನ ತೂಕಡಿಕೆಯನ್ನು ಎಚ್ಚರಿಸುವ ಸಾಧನ ಇರಬೇಕೆಂದು ಸೂಚಿಸಿತು. ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗುವ ನನ್ನಂಥವನು ಇದನ್ನು ಸ್ವಾಗತಿಸದೆ ಇರಲಾರ. ಮುಂದೆ ಕುಳಿತವನ ಎಚ್ಚರದ ಮೇಲೆ ನಲವತ್ತು ಜನರ ನಿದ್ದೆ ನಿಂತಿದೆ. ಅವನ ಏಕಾಂತದ ಹೆಸರಿನಲ್ಲಿ ಆ ನಲವತ್ತು ಜನರನ್ನು ಮರೆಯಲಾಗದು. ಆದರೆ ಅವನು ತೂಕಡಿಸುವುದೇಕೆ ಎಂದು ಈ ಕಣ್ಣು ಕೇಳುವುದಿಲ್ಲ. ಹಿಂದಿನ ರಾತ್ರಿಯ ಪಾಳಿ ಮುಗಿದು ಎಷ್ಟು ಗಂಟೆಯಾಯಿತು, ಮಲಗಲು ಜಾಗವಿತ್ತೇ, ಗಂಟೆ ಬಾರಿಸಿದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರೆ ವೇಳಾಪಟ್ಟಿಯವರು ಸುಮ್ಮನಿರುವರೇ ಎಂಬುದೆಲ್ಲ ಮಸೂರದ ಎದುರಿಗೆ ಬರುವುದೇ ಇಲ್ಲ. ಮೋಟಾರು ಸಾರಿಗೆಯ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು 1961ರ ಕಾಯಿದೆ ಮಿತಿ ಹಾಕಿತ್ತು. ಅದನ್ನು ಮೀರಿ ಗಾಡಿ ಓಡಿಸಿದ ಡ್ರೈವರುಗಳ ಸಂಖ್ಯೆಯನ್ನು ನಮ್ಮ ಹೆದ್ದಾರಿಯ ಯಾವ ಡಾಬಾದಲ್ಲಿಯಾದರೂ ವಿಚಾರಿಸಬಹುದು. ಆಕಳಿಕೆ ಮಾತ್ರ ದಾಖಲಾಗಿ, ಆಕಳಿಸುವಂತೆ ಮಾಡಿದ ಪಾಳಿಯ ಪಟ್ಟಿ ದಾಖಲಾಗದಿದ್ದರೆ, ಅಪಘಾತದ ಮರುದಿನ ಸಾಕ್ಷ್ಯವೆಲ್ಲ ಒಬ್ಬನ ವಿರುದ್ಧವೇ ಇರುತ್ತದೆ.

ಹೊಸ ಕಾರು ಕೊಳ್ಳುವವರು ಬಣ್ಣ, ಬೆಲೆ, ಮೈಲೇಜುಗಳ ಜೊತೆಗೆ ಇನ್ನೂ ಕೆಲವನ್ನು ಕೇಳಿ ತಿಳಿಯಬೇಕು. ನನ್ನ ಮುಖದ ಚಿತ್ರ ಈ ಕಾರನ್ನು ಬಿಟ್ಟು ಹೊರಗೆ ಹೋಗುತ್ತದೆಯೇ? ಹೋದರೆ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ? ಬೇಡವೆಂದರೆ ಅದನ್ನು ಮಾತ್ರ ನಿಲ್ಲಿಸಿ, ಎಚ್ಚರಿಕೆಯ ಗಂಟೆಯನ್ನು ಉಳಿಸಿಕೊಳ್ಳಬಹುದೇ? ಕಳೆದ ವರ್ಷ ನಮ್ಮ ನಂಟರೊಬ್ಬರೊಂದಿಗೆ ಮಾರಾಟದ ಮಳಿಗೆಗೆ ಹೋಗಿದ್ದಾಗ ನಾನು ಇವನ್ನೇ ಕೇಳಿದೆ. ಅಲ್ಲಿಯ ತರುಣ ವಿನಯವಂತ. ‘ಅದು ಸೇಫ್ಟಿಗೆ ಸಾರ್, ತುಂಬಾ ಒಳ್ಳೇದು’ ಎಂದು, ನಾನು ಮತ್ತೂ ನಿಂತಿರುವುದನ್ನು ಕಂಡು, ಕಾರಿನ ಕೈಪಿಡಿಯನ್ನು ತಂದು ತೆರೆದ. ದಪ್ಪನೆಯ ಪುಸ್ತಕ. ಕ್ಯಾಮೆರಾದ ಗಾಜನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಬೇಕೆಂದೂ, ಅದರ ಮುಂದೆ ಏನನ್ನೂ ನೇತುಹಾಕಬಾರದೆಂದೂ ಇತ್ತು. ಚಿತ್ರದ ಗತಿಯ ಬಗ್ಗೆ ಇಬ್ಬರಿಗೂ ಒಂದು ಸಾಲೂ ಸಿಗಲಿಲ್ಲ. ಅವನು ನನ್ನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕಂಪನಿಯವರನ್ನು ಕೇಳಿ ತಿಳಿಸುತ್ತೇನೆಂದ. ತಿಳಿಸುವುದಕ್ಕೆ ಬೇಕೆಂದು ನನ್ನ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಫೋನ್ ನಂಬರುಗಳನ್ನು ಕೇಳಿದ.